ಕರಿಕಿಗೆ ಕಟ್ಟಿದ ಬದು

೧೪ ಜುಲೈ, ಸೋಮವಾರ. ಮಾನ್ವಿ.

ವಾಚ್‌ಮನ್ ಆದೆಪ್ಪನ ಮ್ಯಾಲಿನ ಸಿಟ್ಟು ಉಂಡ ಮ್ಯಾಲೂ ಇಳಿದಿಲ್ಲ. ಕಾಲೇಜಿನ ಮುಂದ ಲಾನ್ ಮಾಡಂತ ಮಾಲಿ ಕೆಲಸಕ್ಕ ತಗೊಂಡಾರ ನನ್ನ. ಆ ಎರಿ ಮಣ್ಣಿಗೆ ಉಸುಕು, ಗೊಬ್ಬರ ಕಲಸಿ, ನೀರು ನಿಲ್ಲಬಾರದಂತ ಇಳಿಜಾರು ಮಾಡಿ ಕರಿಕಿ ಹುಲ್ಲು ನೆಟ್ಟಿದ್ದೆ. ಹದಿನೈದು ದಿನ ತರಬೇತಿಗಂತ ರಾಯಚೂರಿಗೆ ಹೋಗಿ ಬರೂದ್ರಾಗ, ಇಂವ ಸುತ್ತ ಬದು ಕಟ್ಟಿ ಭತ್ತದ ಗದ್ದಿಯಂಗ ನೀರು ನಿಲ್ಲಿಸ್ಯಾನ. ಹೊಸ ಬೇರೆಲ್ಲ ಕೊಳತು ನಾರಾಕತ್ತಾವ.

ಕೇಳಿದ್ರ, "ನೀರು ಸುಮ್ನ ಹರಿದು ಹೋಗೂದು ನೋಡಾಕ ಆಗಲಿಲ್ರಿ ಅಕ್ಕಾರ. ನಮ್ಮ ಹೊಲದ ತನಕ ಕಾಲುವಿ ನೀರ ಬರಂಗಿಲ್ಲ," ಅಂದ.

ಬೈಯಾಕ ಬಾಯಿ ಬರಲಿಲ್ಲ. ಅದಕ್ಕ ಇನ್ನೂ ಸಿಟ್ಟು. ನಮ್ಮವ್ವ ಹೊಲದಾಗ ಜೀವಮಾನ ಪೂರ್ತಿ ಕಿತ್ತರೂ ಸಾಯದ ಕರಿಕಿ ಅದು. ಇಂವ ಹದಿನೈದ ದಿನದಾಗ, ಕೂಸಿನಂಗ ನೋಡಿಕೊಂಡು, ಕೊಂದಾನ.