ಬಾನೆಟ್ ಮೇಲಿನ ಅಂಗೈ

ಮಾರ್ಚ್ 11, ಮಂಗಳವಾರ

ಇವತ್ತು ನಮ್ಮ ಮೆಕ್ಯಾನಿಕ್ ಸ್ಪ್ಯಾನರಜ್ಜನಿಗೆ ಸುಳ್ಳು ಹೇಳಿಬಿಟ್ಟೆ. ಅದೇ ಕೊರೀತಿದೆ.

ವಾರದಿಂದ ಕಾರಿನ ಎಂಜಿನ್ ಟಿಕ್ ಟಿಕ್ ಅಂತಿತ್ತು. ಆರು ಸಿಲಿಂಡರಿನ ಈ ಹಳೇ ಜರ್ಮನ್ ಗಾಡಿ ಅಂದ್ರೆ ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ಎತ್ತೋದಕ್ಕೂ ಹಿಂದೆಮುಂದೆ ನೋಡ್ತಾರೆ. ಅಜ್ಜ ಮಾತ್ರ ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕೆಟ್ಟಿರೋದು ಯಾವ ಸಿಲಿಂಡರ್ ಅಂತ ಕ್ಷಣದಲ್ಲಿ ಹೇಳ್ತಿದ್ದರು. ಇವತ್ತು ಎರಡೂ ಕಿವಿಗೆ ಹಚ್ಚಿ ನೋಡಿದರು, ಯಾವುದಕ್ಕೂ ಸರಿಯಾಗಿ ಕೇಳಿಸಲಿಲ್ಲ ಅಂತ ಕಾಣುತ್ತೆ. ಮಧ್ಯಾಹ್ನದವರೆಗೆ ವಾಲ್ವ್‌ಗಳನ್ನೆಲ್ಲ ಸರಿಮಾಡಿ, ಎಂಜಿನ್ ಶುರುಮಾಡಿಸಿ, "ಹೋಯ್ತಲ್ಲಪ್ಪಾ ಶಬ್ದ?" ಅಂದರು. ಮಾರು ದೂರದಲ್ಲಿದ್ದ ನನಗೆ ಟಿಕ್ ಟಿಕ್ ಚೆನ್ನಾಗಿಯೇ ಕೇಳಿಸ್ತಿತ್ತು. ಅವರ ಮುಖ ನೋಡಿ, "ಪೂರ್ತಿ ಹೋಯ್ತಜ್ಜ" ಅಂತ ಜೋರಾಗಿ ಹೇಳಿದೆ. ಬಾನೆಟ್ ಸವರಿ ಕಳಿಸಿಕೊಟ್ಟರು.

ಮನೆ ಗೇಟಿನೊಳಗೆ ಬರುವಷ್ಟರಲ್ಲೇ ಹೆಂಡತಿ, "ಏನ್ರೀ, ಇನ್ನೂ ಹಾಗೇ ಇದೆಯಲ್ಲ!" ಅಂದಳು. ಅಜ್ಜನಿಗೆ ಗೊತ್ತಾಗದ ಹಾಗೆ ಬೇರೆ ಗ್ಯಾರೇಜಿಗೆ ಒಯ್ಯೋಣ ಅಂತಲೂ ಯೋಚಿಸಿದೆ. ನಾಚಿಕೆಗೇಡು.

ಸಂಜೆ ಅಜ್ಜನ ಫೋನು. "ನಾಳೆ ಗಾಡಿ ತಗೊಂಡು ಬಾ. ನೀನು ಹೊರಡುವಾಗ ಬಾನೆಟ್ ಮೇಲೆ ಕೈ ಇಟ್ಟಿದ್ದೆ. ಒಳಗೆ ಇನ್ನೂ ಹೊಡ್ಕೊಳ್ತಿದೆ ಅಂತ ಅಂಗೈಗೆ ಗೊತ್ತಾಯ್ತು. ನೀನೇ ಹೇಳ್ತೀಯೇನೋ ಅಂತ ಕಾದೆ. ನನಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕೊಂಡ್ರೆ ಗಾಡಿ ಗತಿ ಏನೋ?"

"ತಪ್ಪಾಯ್ತಜ್ಜ" ಅಂದೆ. ಇನ್ನೊಂದು ಸಲ ಕೂಗಿ ಅಂದೆ.

"ಹಲೋ? ಕೇಳಿಸ್ತಿದೆಯೇನೋ ನಿನಗೆ? ಏನಾದ್ರೂ ಮಾತಾಡು!" ಅಂದರು ಅಜ್ಜ.