ಮೊದಲು ಒಂದೇ ಕಂಪ್ಯೂಟರಿಗೆ

ಸುಮಿತ್ರಕ್ಕಾ,

ಸಿದ್ದಾಪುರದ ನಿನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ನಾನು ಕೋಲಸಿರ್ಸಿಯಿಂದ ಕೆಲಸ ಕಲಿಯಲು ಬಂದ ಮೊದಲ ವಾರ ನೆನಪಿದೆಯಾ? ಡಾಕ್ಟರೊಬ್ಬರ ದವಾಖಾನೆಯ ನಾಲ್ಕೂ ಕಂಪ್ಯೂಟರಿಗೆ ಒಟ್ಟಿಗೇ ಅಪ್‌ಡೇಟ್ ಹಾಕಿ ಬಂದು ಹೆಮ್ಮೆಯಿಂದ ಹೇಳಿದ್ದೆ. ನೀನು ಬೈಯಲಿಲ್ಲ. "ಕೂಸೇ, ಡಾಕ್ಟ್ರು ಔಷಧಿ ಚೀಟಿ ಬರೆಯ ಸಾಫ್ಟ್‌ವೇರ್ ಓಪನ್ ಆಗ್ತಾ ಇಲ್ಯಾ ನೋಡಿದ್ಯ?" ಎಂದು ಕೇಳಿದೆ. ನಾನು ನೋಡಿರಲಿಲ್ಲ. ಅದು ತೆರೆಯುತ್ತಲೂ ಇರಲಿಲ್ಲ. ಮಧ್ಯಾಹ್ನದವರೆಗೆ ರೋಗಿಗಳು ಬೆಂಚಿನ ಮೇಲೆ ಕಾದರು. ನೀನೇ ನನ್ನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿ ಎಲ್ಲವನ್ನೂ ಮೊದಲಿನಂತೆ ಮಾಡಿದೆ. ತಿರುಗಿ ಬರುವಾಗ ಹೇಳಿದ್ದು ಇಷ್ಟೇ: "ಮೊದ್ಲು ಒಂದಕ್ಕೆ ಹಾಕು. ಅಲ್ಲಿನ ಜನ ದಿನಾ ಮಾಡ ಕೆಲ್ಸ ಪೂರ್ತಿ ಅದ್ರಲ್ಲಿ ಮಾಡಿ ನೋಡು. ಆಮೇಲೆ ಉಳ್ದಿದ್ದು. ಗಡಿಬಿಡಿ ಎಂತಕ್ಕೆ?"

ಆಸ್ಪತ್ರೆಯಲ್ಲಿ ನಿನ್ನನ್ನು ಕೊನೆಯ ಸಲ ನೋಡಿದಾಗ, ಶಿರಸಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದಕ್ಕೆ ನನಗಿಂತ ನಿನಗೇ ಹೆಚ್ಚು ಖುಷಿ. ರಕ್ತಪರೀಕ್ಷೆಯ ಲ್ಯಾಬು, ಇನ್ನೂ ಜಾಗ್ರತೆ ಬೇಕು ಎಂದೆ. ಅದಕ್ಕಿಂತ ಹೆಚ್ಚು ಮಾತಾಡಲು ನಿನಗೆ ಉಸಿರು ಸಾಲಲಿಲ್ಲ. ನೀನು ಕಲಿಸಿದ್ದೇ ನನ್ನನ್ನು ಇಲ್ಲಿಗೆ ತಂದದ್ದು ಎಂದು ನಾನಾದರೂ ಹೇಳಬಹುದಿತ್ತು...

ಹೋದ ತಿಂಗಳ ಆ ಬೆಳಿಗ್ಗೆ ನೀನು ಪಕ್ಕದಲ್ಲಿರಬೇಕಿತ್ತು ಅಕ್ಕಾ. ಲ್ಯಾಬಿನ ಆರೂ ಕಂಪ್ಯೂಟರಿಗೆ ಅಪ್‌ಡೇಟ್‌ಗಳು ಬಂದಿದ್ದವು. ನಮ್ಮ ಮ್ಯಾನೇಜರ್ ಬನವಾಸಿ ಕಡೆಯವರು. "ಎಲ್ಲಾದಕ್ಕೂ ಒಮ್ಮೆಲೆ ಹಾಕಿಬಿಡ್ರಿ ಮೇಡಂ. ಸುರಕ್ಷತೆದ್ದು ಅಂತಾರ, ತಡಾ ಯಾಕ?" ಎಂದರು. ಅವರು ಹೇಳಿದ್ದು ತಪ್ಪೇ? ಹಾಕದೆ ಬಿಟ್ಟರೆ ವೈರಸ್ಸಿಗೆ ಬಾಗಿಲು ತೆರೆದಿಟ್ಟ ಹಾಗೆ.

"ಇವತ್ತು ಒಂದಕ್ಕೆ ಮಾತ್ರ ಸರ್. ನಾಳೆ ಸಂಜೆವರೆಗೆ ಟೈಮ್ ಕೊಡಿ."

"ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ?"

"ನಾನೇ ತಡೆದೆ ಅಂತ ಹೇಳಿ."

ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೂಲೆಯ ಕಂಪ್ಯೂಟರಿಗೆ ಎಲ್ಲ ಅಪ್‌ಡೇಟ್ ಹಾಕಿ, ಲ್ಯಾಬಿನ ಸಾಫ್ಟ್‌ವೇರ್ ತೆರೆದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸುತ್ತಿದ್ದರೇನೋ. ಹೆಗಡೆಕಟ್ಟಾದ ಅಜ್ಜಿಯೊಬ್ಬರ ಹಳೆಯ ಕಿಡ್ನಿ ರಿಪೋರ್ಟನ್ನು ಮತ್ತೆ ಪ್ರಿಂಟ್ ಮಾಡಿ, ಮೊದಲಿನದರ ಪಕ್ಕದಲ್ಲಿಟ್ಟೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ ಅಲ್ಲಿ 1.1 ಇದ್ದದ್ದು ಇಲ್ಲಿ 11. ಚುಕ್ಕಿಯೇ ಮಾಯ! ಕಿಡ್ನಿ ಚೆನ್ನಾಗಿರುವ ಅಜ್ಜಿಗೆ ಡಯಾಲಿಸಿಸ್ ಬೇಕು ಎನ್ನುವಂಥ ಅಂಕಿ.

ಒಂದೊಂದೇ ಅಪ್‌ಡೇಟ್ ತೆಗೆಯುತ್ತ, ಪ್ರತಿ ಸಲವೂ ಪ್ರಿಂಟ್ ಹಾಕುತ್ತ ಹೋದೆ. ಮೂರನೆಯದನ್ನು ತೆಗೆದಾಗ ಚುಕ್ಕಿ ಮರಳಿ ಬಂತು. ಸುರಕ್ಷತೆಯವು ಬೇರೆಯೇ ಇದ್ದವು. ಅವುಗಳಿಂದ ಏನೂ ತೊಂದರೆಯಿರಲಿಲ್ಲ. ಮರುದಿನ ಅವನ್ನೆಲ್ಲ ಆರಕ್ಕೂ ಹಾಕಿ, ಆ ಒಂದನ್ನು ಮಾತ್ರ ತಡೆಹಿಡಿದೆ. ಎರಡೂ ಹಾಳೆಗಳ ಫೋಟೋ ತೆಗೆದು ಲ್ಯಾಬಿನ ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿದೆ. ಮ್ಯಾನೇಜರ್ ಆ ಹಾಳೆಗಳನ್ನು ಎಷ್ಟೋ ಹೊತ್ತು ನೋಡಿದರು. "ಮೇಡಂ, ಇದು ಆ ಅಜ್ಜಿ ಮನೀಗೆ ಹೋಗಿದ್ರ..." ಎಂದರು. ಎರಡು ವಾರದಲ್ಲಿ ಸಾಫ್ಟ್‌ವೇರಿನವರು ತಿದ್ದಿ ಕಳಿಸಿದರು. ಅದನ್ನೂ ತಡೆದಿಟ್ಟ ಅಪ್‌ಡೇಟಿನ ಜೊತೆ ಮೂಲೆಯ ಕಂಪ್ಯೂಟರಿನಲ್ಲೇ ಪರೀಕ್ಷಿಸಿದ ಮೇಲೆ, ಎರಡನ್ನೂ ಎಲ್ಲದಕ್ಕೂ ಹಾಕಿದೆ.

ನಿನ್ನೆ ಮ್ಯಾನೇಜರ್ ಕರೆದು, ಯಲ್ಲಾಪುರದ ನಮ್ಮ ಇನ್ನೊಂದು ಲ್ಯಾಬನ್ನೂ ನೀವೇ ನೋಡಿಕೊಳ್ಳಿ ಎಂದರು. ಒಪ್ಪಿಕೊಂಡೆ ಅಕ್ಕಾ. ಅಲ್ಲಿ ಯಾವಾಗಲೋ ಏನೋ ಕೆಟ್ಟಿತೆಂದು ಅಪ್‌ಡೇಟ್ ಹಾಕುವುದನ್ನೇ ಬಿಟ್ಟಿದ್ದಾರೆ. ಅಲ್ಲಿನ ಟೆಕ್ನಿಷಿಯನ್ ಶ್ರೀಮತಿ ಫೋನಿನಲ್ಲಿ, "ಅದ್ರ ತಂಟೆಗೆ ಹೋಪದೇ ಬ್ಯಾಡ ಅಕ್ಕಾ, ಎಂಗಕ್ಕಿಗೆ ಹೆದ್ರಿಕೆ ಆಗ್ತು" ಎಂದಳು. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮೊದಲು ಒಂದೇ ಕಂಪ್ಯೂಟರಿಗೆ, ಅವಳ ಕೈಯಲ್ಲೇ ಹಾಕಿಸುತ್ತೇನೆ. ಕೆಟ್ಟರೆ ಅದನ್ನು ಮೊದಲಿನಂತೆ ಮಾಡುವುದು ಹೇಗೆಂದು ಕಲಿಸಿಯೇ ಅಲ್ಲಿಂದ ಏಳುತ್ತೇನೆ.

ನಿನ್ನ
ರೇಖಾ