ಎಮ್ಮೆಯ ಮೇಲೊಂದು ದೂರು

ಫೆಬ್ರವರಿ 9

ಇವತ್ತೂ ಕೈಬಲದ ಡ್ರಿಲ್. ಹೈಡ್ರಾಲಿಕ್ ಬಂದ್ ಮಾಡಿ, ಬರೀ ತಂತಿ ಎಳೆದು, ರಟ್ಟೆಯ ಬಲದಲ್ಲೇ ವಿಮಾನ ಹಾರಿಸಬೇಕು. ಇಪ್ಪತ್ತು ನಿಮಿಷ, ತಿಂಗಳಿಗೊಮ್ಮೆ. ವಿಮಾನದ ವಿನ್ಯಾಸ ಮಾಡಿದ ಮೇಡಂ ಅವರ ಹಟ. ಕಾರ್ಖಾನೆಯಿಂದ ಬಂದು ಗಡಿಯಾರ ಹಿಡಿದು ನಿಲ್ಲುತ್ತಾರೆ, ಎಲ್ಲದಕ್ಕೂ ಕೊಂಕು. ನಾವಿಟ್ಟ ಹೆಸರು ಅತ್ತೆ. ವಿಮಾನಕ್ಕೆ ಎಮ್ಮೆ... ನಿಧಾನ, ದಪ್ಪ ಚರ್ಮ, ನೋಡೋಕೂ ಹಾಗೇ. ಪೈಲಟ್ ಕೂರುವುದು ಉಕ್ಕಿನ ತೊಟ್ಟಿಯೊಳಗೆ, ಗುಂಡು ತಾಗದಿರಲೆಂದು.

ದೂರು ಬರೆದು ಹಾಕಿದೆ, ಮೂರು ಪುಟ. ವಿಮಾನ ತಿರುಗಿಸುವ ಕೋಲು ಗಿಡ್ಡ, ಎರಡು ಕೈ ಹಿಡಿಸುವುದಿಲ್ಲ. ಡ್ರಿಲ್ ದಂಡ. ಕೊನೆಯ ಸಾಲು ಸ್ವಲ್ಪ ಖಾರವಾಯಿತು: "ಇದಕ್ಕೆ ಪೈಲಟ್ ಬೇಡ, ಪೈಲ್ವಾನ್ ಸಾಕು." ಹೆಸರು ಹಾಕಲಿಲ್ಲ.

ಏಪ್ರಿಲ್ 22

ಎಲ್ಲ ಎಮ್ಮೆಗಳಿಗೂ ಹೊಸ ಕೋಲು. ನಾಲ್ಕು ಬೆರಳು ಉದ್ದ. ಮೊಣಕಾಲಿಗೆ ಬಡಿಯುತ್ತದೆ, ಯಾರ ತಲೆಯಲ್ಲಿ ಹೊಳೆಯಿತೋ! ಡ್ರಿಲ್ ಇದ್ದೇ ಇದೆ. ದೂರಿಗೆ ಉತ್ತರವಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಜೂನ್ 14

ಬದುಕಿದ್ದೇನೆ. ಆಸ್ಪತ್ರೆ.

ಮೊನ್ನೆ ಕಣಿವೆಯಲ್ಲಿ ಸಿಕ್ಕಿಕೊಂಡ ನಮ್ಮ ಸೈನಿಕರಿಗೆ ದಾರಿ ಬಿಡಿಸಲು ಹೋಗಿದ್ದೆ. ಕೆಳಗಿನಿಂದ ಗುಂಡು. ಬಲ ಎಂಜಿನ್ ಹೋಯಿತು, ಹೈಡ್ರಾಲಿಕ್ ಹೋಯಿತು. ತೊಟ್ಟಿಗೆ ಟಣ್ ಟಣ್ — ಒಂದೂ ಒಳಗೆ ಬರಲಿಲ್ಲ. ಆಮೇಲೆ ತಂತಿ, ನಾನು. ಎರಡೂ ಕೈಯಲ್ಲಿ ಕೋಲು ಹಿಡಿದು ಮೂವತ್ತೊಂದು ನಿಮಿಷ. ರನ್‌ವೇ ಕಂಡಾಗ ಅತ್ತುಬಿಟ್ಟೆ.

ತೋಳು ಮೇಲೇಳುತ್ತಿಲ್ಲ, ಬೆರಳು ಮಾತ್ರ ಆಡುತ್ತವೆ. ಹೆಂಡತಿ ತುತ್ತು ತಿನ್ನಿಸುತ್ತಾಳೆ. "ಮದುವೆಯಾಗಿ ಒಂಬತ್ತು ವರ್ಷಕ್ಕೆ ಈ ಭಾಗ್ಯ! ಬಾಯಿ ತೆಗೀರಿ" ಎಂದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಜೂನ್ 17, ಬೆಳಿಗ್ಗೆ 11

ಅತ್ತೆ ಬಂದಿದ್ದರು. ಸೆಲ್ಯೂಟ್ ಹೊಡೆಯೋಣವೆಂದರೆ ಕೈ ಏಳಲಿಲ್ಲ.

"ಮೇಡಂ, ನಿಮ್ಮಿಂದ ಬದುಕಿದೆ."

ನೋಟ್‌ಬುಕ್ ತೆಗೆದರು. "ಅದಿರಲಿ. ಯಾವ ಕೈ ಮೊದಲು ಸೋತಿತು?"

"ಮೇಡಂ... ಫೆಬ್ರವರೀಲಿ ಆ ದೂರು ಬರೆದವನು ನಾನೇ. ಕ್ಷಮಿಸಿ."

"ಗೊತ್ತಪ್ಪ. ಆ ಸಿಟ್ಟು ಡ್ರಿಲ್ ದಿನ ನಿಮ್ಮ ಮುಖದಲ್ಲೇ ಇತ್ತು." ಮೊದಲ ಸಲ ನಕ್ಕದ್ದು ನೋಡಿದೆ. "ಕೋಲು ಉದ್ದ ಮಾಡಿಸಿದ್ದು ನಿಮ್ಮ ದೂರು ಓದೇ. ಮಿಕ್ಕವರೆಲ್ಲ ಚೆನ್ನಾಗಿದೆ ಮೇಡಂ ಅಂತ ಹಲ್ಲು ಕಿರಿದು ಹೋದ್ರು. ಬೈದು ಹೇಳೋರು ಬದುಕೋಕೆ ಹೇಳ್ತಾರೆ."

ಅಷ್ಟರಲ್ಲಿ ಡಾಕ್ಟರ್ ಬಂದು ಅವರನ್ನು ಕಳಿಸಿದರು. ಮಲಗಿ ಸೂರು ನೋಡುತ್ತಿದ್ದೇನೆ. ಗಿಡ್ಡ ಕೋಲಾಗಿದ್ದರೆ ಹತ್ತು ನಿಮಿಷಕ್ಕೇ ಮುಗಿದಿತ್ತು. ಡ್ರಿಲ್ ಇಲ್ಲದಿದ್ದರೆ ಅಷ್ಟೂ ಇಲ್ಲ. ಅರ್ಧ ಅವರ ಹಟ, ಅರ್ಧ ನನ್ನ ಗೊಣಗಾಟ.

ಜೂನ್ 18

ಅತ್ತೆಗೆ ಧನ್ಯವಾದದ ಪತ್ರ ಬರೆಯಲು ಕೂತೆ. ಎರಡು ಹಾಳೆ ಮುದುರಿದೆ. ಏನು ಬರೆದರೂ ಸಪ್ಪೆ. ಅವರಿಗೆ ಬೇಕಾದದ್ದು ಅದಲ್ಲ. ನಾಳೆ ಇನ್ನೊಬ್ಬ ಅದೇ ತೊಟ್ಟಿಯಲ್ಲಿ ಕೂರುತ್ತಾನೆ, ಅವನ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ. ಹಾಗಾಗಿ ದೂರು. ಈ ಸಲ ಹೆಸರು ಹಾಕಿ.

ಒಂದು — ಎಡಗೈ ಮೊದಲು ಸೋತಿತು, ಹದಿನೆಂಟನೇ ನಿಮಿಷಕ್ಕೆ. ಭುಜದ ಪಟ್ಟಿ ಒತ್ತುತ್ತದೆ.

ಎರಡು — ಎಳೆಯುವಾಗ ಕಾಲು ಊರಲು ಜಾಗ ಸಾಲದು.

ಮೂರು —